ಕೃಷ್ಣೆಯ ಮೀನು ಕಾವೇರಿಯಲ್ಲಿ

"ಮೀನಂದ್ರ ಮೀನ್ರಿ ಸರ, ಆ ಹೊಳಿದಾದ್ರೇನು, ಈ ಹೊಳಿದಾದ್ರೇನು?" ಬನಶಂಕರಿಯ ಹರಿದ್ರಾತೀರ್ಥದ ಮೆಟ್ಟಿಲ ಮೇಲೆ ಕೂತಾಗ ಕಾಲೇಜು ಹುಡುಗನೊಬ್ಬ ಕೇಳಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಇದೇ ಮಾತನ್ನು ನಂಬಿ ದೊಡ್ಡವರು ದಶಕಗಟ್ಟಲೆ ಹೊಳೆಗಳಿಗೆ ಮರಿ ಬಿಟ್ಟರು, ಅದನ್ನು ಸಂರಕ್ಷಣೆ ಎಂದು ಕರೆದರು. ನನ್ನ ಜಗಳ ಅವರೊಂದಿಗೆ.

ನಮ್ಮ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಪುಣೆಯ ಮುಳಾ-ಮುಠಾ ನೀರೂ ಭೀಮೆಯ ದಾರಿಯಾಗಿ ಕೃಷ್ಣೆಗೇ ಬರುತ್ತದೆ. ಆ ಮುಳಾ-ಮುಠಾದ ಮಹಶೀರ್ ಮೀನನ್ನು 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ವಿವರಿಸಿದ. ಹೆಸರು ಟಾರ್ ಖುದ್ರಿ, ನೀಲಿ ರೆಕ್ಕೆಯದು. ಕಾವೇರಿಯ ಮಹಶೀರ್ ಬೇರೆಯೇ: ಗೂನುಬೆನ್ನು, ಕಿತ್ತಳೆ ರೆಕ್ಕೆ, ಐವತ್ತು ಕಿಲೋ ದಾಟುವ ಮೈ. ಬ್ರಿಟಿಷರ ಕಾಲದಿಂದ ಗಾಳದವರು ಅದರ ಜೊತೆ ಫೋಟೋ ತೆಗೆಸಿಕೊಂಡರು. ಆದರೆ ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಇತ್ಯರ್ಥವಾದದ್ದು 2018ರಲ್ಲಿ. ಅದೇ ವರ್ಷ ಐಯುಸಿಎನ್ ಅದನ್ನು ತೀವ್ರ ಅಪಾಯದ ಪಟ್ಟಿಗೆ ಸೇರಿಸಿತು. ನಾಮಕರಣಕ್ಕೆ ಹೋದವರು ಐಸಿಯು ಬಾಗಿಲಲ್ಲಿ ನಿಂತ ಹಾಗೆ.

ಈ ನಡುವೆ ಆದದ್ದೇನು? ಅಣೆಕಟ್ಟುಗಳಿಂದ ಮಹಶೀರ್ ಕಡಿಮೆಯಾಗುತ್ತಿದೆ ಎಂದು ಲೋನಾವಳಾದಲ್ಲಿ ಟಾಟಾ ಪವರ್‌ನವರು 1970ರ ದಶಕದಲ್ಲಿ ಖುದ್ರಿ ಮರಿ ಮಾಡಿಸತೊಡಗಿದರು. ಉದ್ದೇಶ ಒಳ್ಳೆಯದೇ, ಮೀನು ಸಾಕುವ ವಿದ್ಯೆ ಅವರಿಂದ ಬೆಳೆಯಿತು. ಆದರೆ ಆ ಮರಿಗಳು ಕಾವೇರಿಯನ್ನೂ ತಲುಪಿದವು. ಗಾಲಿಬೋರೆಯ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದ ಮೀನುಗಳ ಲೆಕ್ಕ ನೋಡಿ: ನೀಲಿ ರೆಕ್ಕೆಯವು ಹೆಚ್ಚುತ್ತ ಹೋದವು, ಗೂನುಬೆನ್ನಿನವು ಕಡಿಮೆಯಾದವು. ಸಿಕ್ಕ ಗೂನುಬೆನ್ನಿನವು ಮಾತ್ರ ಮೊದಲಿಗಿಂತ ದೊಡ್ಡವು. ಗಾಳದವನಿಗೆ ಅದು ಹಿಗ್ಗು. ದುಡಿಯಲು ಗೋವೆಗೆ ಹೋದವರ ಊರಲ್ಲಿ ಮುದುಕರಷ್ಟೇ ಕಾಣುವುದನ್ನು ಬಲ್ಲ ನಮಗೆ ಅದರ ಅರ್ಥ ತಿಳಿಯುತ್ತದೆ. ಮರಿಗಳೇ ಹುಟ್ಟಿ ಬೆಳೆಯುತ್ತಿರಲಿಲ್ಲ.

ಮರಳು ತೆಗೆದದ್ದು, ಡೈನಮೈಟ್ ಹಾಕಿದ್ದು, ನೀರು ತಡೆದದ್ದು ಕಾರಣವಲ್ಲವೇ ಎನ್ನುವಿರಿ. ಹೌದು, ಅವೂ ಕಾರಣ. ಆದರೆ ಅವನ್ನು ಯಾರೂ ಹಾರ ಹಾಕಿ ಆರಂಭಿಸುವುದಿಲ್ಲ. ಮರಿ ಬಿಡುವ ದಿನ ಶಾಮಿಯಾನ, ಭಾಷಣ, ಬಕೆಟ್ ಹಿಡಿದ ಗಣ್ಯರು. ಎಷ್ಟು ಸಾವಿರ ಬಿಟ್ಟೆವು ಎಂಬುದೇ ಸುದ್ದಿ. ಯಾವ ನದಿಯ ತಾಯಿಮೀನಿನ ಮರಿ ಎಂದು ಪತ್ರಕರ್ತರೂ ಕೇಳುವುದಿಲ್ಲ.

ಯುರೋಪು ಈ ಪಾಠ ಕಲಿತದ್ದು ಟ್ರೌಟ್ ಮೀನಿನಿಂದ. ಡಿಎನ್‌ಎ ನೋಡಿದಾಗ ಅಟ್ಲಾಂಟಿಕ್, ಡಾನ್ಯೂಬ್, ಮೆಡಿಟರೇನಿಯನ್ ಕಡೆಯ ಕಂದು ಟ್ರೌಟ್‌ಗಳ ವಂಶಾವಳಿ ಬೇರೆಬೇರೆ ಎಂದು ಗೊತ್ತಾಯಿತು. ಅಷ್ಟರಲ್ಲಿ ಸ್ಲೊವೇನಿಯಾದ ಸೋಚಾ ನದಿಯಲ್ಲಿ ಹೊರಗಿನಿಂದ ತಂದು ಬಿಟ್ಟ ಕಂದು ಟ್ರೌಟ್, ಅಲ್ಲಿಯದೇ ಆದ ಮಾರ್ಬಲ್ ಟ್ರೌಟ್ ಜೊತೆ ಬೆರೆತುಹೋಗಿತ್ತು. ಬೆರಕೆಯಿಲ್ಲದ ಮಾರ್ಬಲ್ ಟ್ರೌಟ್ ಉಳಿದದ್ದು ಜಲಪಾತಗಳಂಥ ಅಡೆತಡೆಗಳ ಮೇಲಿನ ಕೆಲವೇ ತೊರೆಗಳಲ್ಲಿ. ಹೊರಗಿನ ಮೀನು ಹತ್ತಲಾರದ ಜಾಗ ಅದು. ಬೆರೆತದ್ದನ್ನು ಮತ್ತೆ ಬೇರ್ಪಡಿಸಲು ಜರಡಿ ಇಲ್ಲ.

ಹುಡುಗನಿಗೆ ಕೇಳಿದೆ: "ನಿಮ್ಮವ್ವನ ಇಳಕಲ್ ಸೀರಿ ತಗೊಂಡು ಸೂರತ್ತಿಂದು ಕೊಟ್ರ? ಸೀರಿ ಅಂದ್ರ ಸೀರಿ ಅಲ್ಲೇನಪಾ?" ನಕ್ಕ. "ಮನಿಗೆ ಬರಗೊಡಂಗಿಲ್ರಿ" ಅಂದ.

ಮರಿ ಮಾಡಿಸಲೇಬೇಕಿದ್ದರೆ ಅದೇ ನದಿಯ ತಾಯಿಮೀನಿನಿಂದ ಮಾಡಿಸಲಿ, ಬಿಡುವ ಮೊದಲು ವಂಶ ಪರೀಕ್ಷಿಸಲಿ, ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ಗೂನುಬೆನ್ನಿನ ಮಹಶೀರ್ ಈಗ ಮೋಯಾರ್‌ನಂಥ ಕೆಲವೇ ನೀರುಗಳಲ್ಲಿದೆ. ಅಲ್ಲಿಗೆ ಮರಿ ಹೊತ್ತ ಲಾರಿ ಹೋಗಕೂಡದು.