ಕರಗಿದ ಉಕ್ಕಿನ ಆಮ್ಲಜನಕವೂ ನಮ್ಮ ಪ್ರಯೋಗಶಾಲೆಗಳೂ

ಕೋಲಾರದ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚಿದವು. ಆದರೆ ೧೯೬೪ರಲ್ಲಿ ಸ್ಥಾಪಿತವಾದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯ ಅಲ್ಲಿಯ ಕಾರ್ಖಾನೆಯಲ್ಲಿ ಮಣ್ಣು ಅಗೆಯುವ ಭಾರೀ ಯಂತ್ರಗಳು ಇಂದಿಗೂ ಸಿದ್ಧವಾಗುತ್ತಿವೆ. ಇಂತಹ ಯಂತ್ರದ ಬಾಳಿಕೆಗೆ ಉಕ್ಕಿನ ಗುಣವೇ ಆಧಾರ. ಕರಗಿದ ಉಕ್ಕಿನಲ್ಲಿ ಆಮ್ಲಜನಕವು ಹೆಚ್ಚಾಗಿದ್ದರೆ ಎರಕ ಗಟ್ಟಿಯಾಗುವಾಗ ಅನಿಲದ ಗುಳ್ಳೆಗಳೇಳುತ್ತವೆ. ಅದನ್ನು ಕಳೆಯಲು ಹಾಕಿದ ಅಲ್ಯೂಮಿನಿಯಂ ಆಕ್ಸೈಡಿನ ಕಣಗಳಾಗಿ ಒಳಗೇ ಉಳಿದರೆ ಅಲ್ಲಿಂದ ಬಿರುಕು ಹುಟ್ಟಬಹುದು. ಆದುದರಿಂದ ಅಳತೆಯಿಲ್ಲದೆ ಹಾಕುವಂತಿಲ್ಲ.

ಸುಮಾರು ೧೬೦೦ ಡಿಗ್ರಿ ಸೆಂಟಿಗ್ರೇಡಿನ ಆ ದ್ರವದಲ್ಲಿ ಅಳೆಯುವುದೆಂತು? ಮೆಗ್ನೀಷಿಯ ಬೆರೆತ ಜಿರ್ಕೋನಿಯದ ಕಿರುಕೊಳವೆಯಲ್ಲಿ ಕ್ರೋಮಿಯಂ ಮತ್ತು ಅದರ ಆಕ್ಸೈಡಿನ ಪುಡಿಯನ್ನು ತುಂಬಿ ಉಕ್ಕಿನಲ್ಲಿ ಮುಳುಗಿಸುತ್ತಾರೆ. ಕಾದ ಜಿರ್ಕೋನಿಯವು ಆಮ್ಲಜನಕದ ಅಯಾನುಗಳಿಗೆ ದಾರಿ ಕೊಡುತ್ತದೆ. ಒಳಗಿನ ಮತ್ತು ಹೊರಗಿನ ಆಮ್ಲಜನಕದ ವ್ಯತ್ಯಾಸವು ವೋಲ್ಟೇಜಾಗಿ ಕೆಲವೇ ಸೆಕೆಂಡುಗಳಲ್ಲಿ ಮೀಟರಿನಲ್ಲಿ ಕಾಣುತ್ತದೆ. ಉಳಿದುದು ನೆರ್ನ್‌ಸ್ಟನ ಸಮೀಕರಣದ ಲೆಕ್ಕ.

ಈ ಸಮೀಕರಣವನ್ನು ನಮ್ಮ ವಿದ್ಯಾರ್ಥಿಗಳು ಕಂಠಪಾಠ ಮಾಡಿರುತ್ತಾರೆ. ಆ ಕೋಶವನ್ನು ಕಣ್ಣಾರೆ ಕಂಡವರು ವಿರಳ. ಗಣಿಯೂರಿನ ತರುಣರು ಬಂಗಾರಪೇಟೆಯಲ್ಲಿ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವಾಗ ಕೈಯಲ್ಲಿ ಅಂಕಪಟ್ಟಿಯೊಂದಿದ್ದರೆ ಸಾಕೆ?

ಉಪಕರಣ ದುಬಾರಿಯೆಂಬ ಆಕ್ಷೇಪಣೆ ನಿಲ್ಲದು. ಅನೇಕ ಪೆಟ್ರೋಲ್ ಕಾರುಗಳ ಹೊಗೆಕೊಳವೆಯಲ್ಲಿ ಜಿರ್ಕೋನಿಯದ ಇಂತಹುದೇ ಕೋಶವಿರುತ್ತದೆ. ಕೆಡದಿರುವ ಹಳೆಯದೊಂದನ್ನು ಗುಜರಿಯಿಂದ ತಂದು, ಆಮ್ಲಜನಕ ಕಡಮೆಯಿರುವ ಬುನ್ಸೆನ್ ಜ್ವಾಲೆಯಲ್ಲಿ ಚೆನ್ನಾಗಿ ಕಾಯಿಸಿದರೆ ಸುಮಾರು ೦.೮ ವೋಲ್ಟ್ ತೋರುತ್ತದೆ. ಗಾಳಿಗೆ ಹಿಡಿದೊಡನೆ ಅದು ಕುಸಿಯುತ್ತದೆ. ಇದಕ್ಕೆ ಪಠ್ಯಕ್ರಮದ ಅಪ್ಪಣೆಯನ್ನು ಕಾಯಬೇಕಾಗಿಲ್ಲ. ಅಧ್ಯಾಪಕರಾದ ನಾವು ಬರುವ ವರ್ಷದಿಂದಲೇ ಈ ಪ್ರಯೋಗವನ್ನು ಆರಂಭಿಸಬೇಕು.