ಗಗನಚುಂಬಿಗೊಂದು ಜಗಲಿ

ಮುಂಬಯಿಯ ಓವಲ್ ಮೈದಾನದ ನಡುವೆ ನಿಂತು ಪೂರ್ವಕ್ಕೆ ಮೊಗಮಾಡಿದರೆ ಹೈಕೋರ್ಟಿನ ಕಲ್ಲುಕಟ್ಟಡವೂ ರಾಜಾಬಾಯಿ ಗೋಪುರವೂ ಕಾಣುತ್ತವೆ. ಪಶ್ಚಿಮಕ್ಕೆ ತಿರುಗಿದರೆ 1930ರ ದಶಕದಲ್ಲಿ ಎದ್ದ ಸಿಮೆಂಟಿನ ಮನೆಗಳ ಸಾಲು. ಎರಡೂ ಬಗೆಯ ಶೈಲಿಗಳು ಕಡಲಾಚೆಯಿಂದ ಬಂದವೇ. ಆದರೂ 2018ರಲ್ಲಿ ಯುನೆಸ್ಕೋ ಸಂಸ್ಥೆಯು ಇವೆರಡನ್ನೂ ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪರದೇಶದ ಈ ಅತಿಥಿಗಳು ನಮ್ಮ ಮಳೆಗೂ ಬಿಸಿಲಿಗೂ ತಲೆಬಾಗಿ, ಒಂದು ವೆರಾಂಡವನ್ನೂ ಮತ್ತೊಂದು ಬಾಲ್ಕನಿಯನ್ನೂ ಕಿಟಕಿಯ ಮೇಲಣ ಛಜ್ಜವನ್ನೂ ತೊಟ್ಟುಕೊಂಡವು. ಈ ಮಣ್ಣಿನಲ್ಲಿ ಬೇರುಬಿಟ್ಟದ್ದು ಹಾಗೆ.

ಅಷ್ಟು ದೂರವೇಕೆ? ನಾವು ಹೆಮ್ಮೆಯಿಂದ ನಮ್ಮದೆನ್ನುವ ಮಂಗಳೂರು ಹೆಂಚಿನ ಕಥೆಯೂ ಇದೇ. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಾಗ ಅದು ಹೊಚ್ಚ ಹೊಸ ಯಂತ್ರಯುಗದ ಸರಕು. ಇಂದು ಗಿರಗಾಂವಿನ ಖೋತಾಚಿ ವಾಡಿಯಲ್ಲಿ ಉಳಿದಿರುವ ಮರದ ಮೆಟ್ಟಿಲಿನ ಮನೆಗಳ ಮೇಲೆ ಅದೇ ಹೆಂಚನ್ನು ಕಂಡು 'ಆಹಾ, ಹಳೆಯ ಕಾಲ!' ಎಂದು ನಿಟ್ಟುಸಿರಿಡುತ್ತೇವೆ. ಆದುದರಿಂದ ಹೊಸತೆಂಬ ಕಾರಣಕ್ಕೆ ಯಾವುದನ್ನೂ ಹಳಿಯುವವರು ನಾವಲ್ಲ.

ನಮ್ಮ ಆಕ್ಷೇಪವಿರುವುದು ಬೇರೆಡೆ. ನೆತ್ತಿಯಿಂದ ಅಂಗಾಲಿನವರೆಗೆ ಗಾಜನ್ನೇ ಹೊದ್ದ ಕಟ್ಟಡವನ್ನು ಉರಿಬಿಸಿಲಿನ ಊರಿನಲ್ಲಿ ನಿಲ್ಲಿಸಿ, ಒಳಗೆ ಸೇರಿದ ಕಾವನ್ನು ಹೊರದೂಡಲು ಹಗಲೆಲ್ಲ ವಿದ್ಯುಚ್ಛಕ್ತಿ ಸುರಿಯುವುದು ಯಾವ ಜಾಣತನ? ಅದರ ಬಾಗಿಲಿಗೆ ಅರಮನೆಯ ಕಮಾನನ್ನು ಅಂಟಿಸಿ 'ಪರಂಪರೆ' ಎಂದು ಕರೆಯುವುದಂತೂ ನಾಟಕದ ಪರದೆಗೆ ಸಮಾನ.

ದಾರಿ ಇಲ್ಲವೆಂದಲ್ಲ. 1983ರಲ್ಲಿ ಮುಗಿದ ಕಾಂಚನಜುಂಗಾ ಎಂಬ 28 ಅಂತಸ್ತಿನ ಕಟ್ಟಡ ಇದೇ ನಗರದ ಕಂಬಾಲಾ ಗುಡ್ಡದ ಮೇಲಿದೆ. ಅದರ ಶಿಲ್ಪಿ ಚಾರ್ಲ್ಸ್ ಕೊರಿಯಾ. ಇಲ್ಲಿ ಕಡಲ ಗಾಳಿ ಬೇಕೆಂದರೆ ಮನೆ ಪಶ್ಚಿಮಕ್ಕೆ ತೆರೆದಿರಬೇಕು. ಆದರೆ ಸಂಜೆಯ ಬಿಸಿಲೂ ಮುಂಗಾರಿನ ಇರಚಲೂ ನುಗ್ಗುವುದು ಆ ದಿಕ್ಕಿನಿಂದಲೇ. ಹಳೆಯ ಬಂಗಲೆಗಳು ಮನೆಯ ಸುತ್ತ ವೆರಾಂಡ ಕಟ್ಟಿ ಈ ಒಗಟನ್ನು ಬಿಡಿಸಿದ್ದವು. ಕೊರಿಯಾ ಆ ವೆರಾಂಡವನ್ನೇ ಎರಡಂತಸ್ತಿನೆತ್ತರದ ತೆರೆದ ತೋಟವಾಗಿ ಮಾರ್ಪಡಿಸಿ, ಗೋಪುರದ ಮೂಲೆಗಳಲ್ಲಿ ಕೊರೆದಿಟ್ಟರು. ಕಮಾನಿಲ್ಲ, ಕಳಸವಿಲ್ಲ, ಅಪ್ಪಟ ಕಾಂಕ್ರೀಟು. ಆದರೂ ನಮ್ಮ ಊರಿನ ಜಗಲಿ ಅಲ್ಲಿದೆ. ಅದು ಸಿರಿವಂತರ ಮನೆ ಎಂಬ ಮಾತು ನಿಜ.

ಬಡವರ ಜಗಲಿ ಯಾವುದು? ಚಾಳಿನ ಗ್ಯಾಲರಿ. ನಮ್ಮಲ್ಲಿ ಹಲವರು ಅಲ್ಲಿಯೇ ಅಕ್ಷರ ತಿದ್ದಿದವರು. ನೆರೆಮನೆಯ ಮಾವುಶಿಯಿಂದ ಮರಾಠಿ ಕಲಿತವರು. 1920ರ ದಶಕದಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳ ಪುನರ್ನಿರ್ಮಾಣದಲ್ಲಿ 160 ಚದರಡಿಯ ಕೋಣೆಗೆ ಬದಲಾಗಿ 500 ಚದರಡಿಯ ಮನೆ ದೊರೆಯುತ್ತದೆ. ಸ್ವಂತ ಶೌಚಗೃಹಕ್ಕಾಗಿ ತಲೆಮಾರುಗಳಿಂದ ಕಾದವರೆದುರು ಚಾಳಿನ ಸೊಬಗನ್ನು ಹಾಡುವುದು ಕ್ರೌರ್ಯವೇ ಸರಿ. ಅವರಿಗೆ ಮನೆ ಸಿಗಲಿ. ಆದರೆ ಹೊಸ ಗೋಪುರಗಳ ನಕ್ಷೆ ಬರೆಯುವವರು ಲಿಫ್ಟಿನಿಂದ ಬಾಗಿಲಿಗೆ ಹೋಗುವ ಕತ್ತಲೆಯ ಓಣಿಯನ್ನು ನಾಲ್ಕಡಿ ಅಗಲಿಸಿ, ಒಂದು ಬದಿಯನ್ನು ಗಾಳಿಗೆ ತೆರೆದಿಡಲಾರರೇ? ಅಜ್ಜಿಯೊಬ್ಬಳು ಅಲ್ಲಿ ಕುಳಿತು ಅಕ್ಕಿ ಆರಿಸುವಷ್ಟು, ಇಬ್ಬರು ಹುಡುಗರು ಕೇರಮ್ ಹಲಗೆ ಹಾಸುವಷ್ಟು ಜಾಗ ಸಾಕು.