ಯಾರ ಚರ್ಮದಷ್ಟು ಮೃದು?

ಬ್ಲಫಿನ ವಿದ್ಯುದಾಗಾರ ಕಂಡಾಗಲೆಲ್ಲ ನನಗೆ ಹೆಮ್ಮೆಯ ಜೊತೆಗೆ ಸಿಟ್ಟೂ ಬರುತ್ತದೆ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ಓಡಿ ಕೋಲಾರದ ಚಿನ್ನದ ಗಣಿ ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿದೀಪವಾಯಿತು. ತಂತಿಯ ಕೆಳಗಿನ ಹಳ್ಳಿಗಳಲ್ಲಿ ಮಾತ್ರ ಆಮೇಲೂ ಬಹುಕಾಲ ಸೀಮೆಎಣ್ಣೆ ಬುಡ್ಡಿಯೇ ಉರಿಯಿತು.

ಆ ಸಿಟ್ಟು ಈಗ ಮರಳಿರುವುದು ಒಂದು ಜೆಲ್‌ನಿಂದ. ಮೈಗೆ ಅಂಟಿಸಿಕೊಂಡರೆ ಎದೆಬಡಿತ, ಬೆವರಿನ ಉಪ್ಪು ಅಳೆಯುವ ಮೆತ್ತನೆಯ ಪಟ್ಟಿಗಳನ್ನು ಪ್ರಯೋಗಾಲಯಗಳು ರೂಪಿಸುತ್ತಿವೆ. ಕಾಮಕಸ್ತೂರಿ ಬೀಜ ನೆನೆಹಾಕಿದರೆ ಸುತ್ತ ಲೋಳೆ ಕಟ್ಟುತ್ತದಲ್ಲ, ತತ್ವ ಅದೇ: ಉದ್ದನೆಯ ಅಣುಸರಪಳಿಗಳ ಬಲೆಯೊಳಗೆ ಹಿಡಿದಿಟ್ಟ ನೀರು. ಅದಕ್ಕೆ ಉಪ್ಪು ಬೆರೆತರೆ ದೇಹದ ಸಣ್ಣ ವಿದ್ಯುತ್ ಸಂಕೇತವೂ ದಾಟಿ ಬರುತ್ತದೆ. ಕಡಲಪಾಚಿಯ ಆಲ್ಜಿನೇಟ್, ರೇಷ್ಮೆಯ ಫೈಬ್ರೊಯಿನ್ ಇದಕ್ಕೆ ಒದಗುವ ವಸ್ತುಗಳು. ರೇಷ್ಮೆ ಎಂದರೆ ನಮ್ಮ ಮಳವಳ್ಳಿ, ಮದ್ದೂರಿನ ಹಿಪ್ಪುನೇರಳೆ ತೋಟ, ಗೂಡು ತುಂಬಿದ ಚಂದ್ರಿಕೆ.

‘ಪ್ರಕೃತಿಪ್ರೇರಿತ’, ‘ಚರ್ಮದಷ್ಟೇ ಮೃದು’ ಎಂದು ಇದನ್ನು ಹೊಗಳುತ್ತಾರೆ. ನನ್ನ ತಕರಾರು ಇಷ್ಟೇ: ಯಾರ ಚರ್ಮ?

ಕಬ್ಬಿನ ಗದ್ದೆಯಿಂದ ನೇರ ಆಸ್ಪತ್ರೆಗೆ ಬಂದ ನನ್ನ ಅವ್ವನ ಎದೆಗೆ ಇಸಿಜಿ ಪಟ್ಟಿ ಅಂಟಲೇ ಇಲ್ಲ. “ಬೆವರು ಒರೆಸ್ಕೊ ಬಾರವ್ವ” ಎಂದರು ನರ್ಸ್. ತಪ್ಪು ಪಟ್ಟಿಯದಲ್ಲ, ಅವ್ವನ ಬೆವರಿನದು!

ಇದು ಒಬ್ಬ ಅವ್ವನ ಕತೆಯಲ್ಲ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್, ಕಪ್ಪು ಜನರ ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ಗುರುತಿಸದೆ ಬಿಡುತ್ತಿದೆ ಎಂದು ಅಮೆರಿಕದ ವೈದ್ಯರು 2020ರಲ್ಲಿ ತೋರಿಸಿದರು. ಆ ಉಪಕರಣ ಬಳಕೆಗೆ ಬಂದು ಆಗಲೇ ದಶಕಗಳಾಗಿದ್ದವು.

‘ಮೊದಲು ತಯಾರಾಗಲಿ, ಹಳ್ಳಿಗೆ ಆಮೇಲೆ’ ಎನ್ನುವವರಿದ್ದಾರೆ. ಆ ‘ಆಮೇಲೆ’ ಎಷ್ಟು ಉದ್ದವೆಂದು ತಂತಿಯ ಕೆಳಗೆ ಬದುಕಿದವರಿಗೆ ಗೊತ್ತು. ಅಲ್ಲದೆ ಜೆಲ್‌ನ ದೊಡ್ಡ ಶತ್ರುವೇ ಬಿಸಿಲು. ನೀರು ಆರಿದರೆ ಅದು ಗಡುಸಾಗುತ್ತದೆ, ಸಂಕೇತ ಕೆಡುತ್ತದೆ. ಎ.ಸಿ. ಕೋಣೆಯಲ್ಲಿ ಕುಳಿತವರ ಮೈಮೇಲಷ್ಟೇ ಗೆದ್ದ ಪಟ್ಟಿಯನ್ನು ಗೆದ್ದಿತೆಂದು ನಾನು ಒಪ್ಪಲಾರೆ.

ರಸಾಯನಶಾಸ್ತ್ರ ಓದುತ್ತಿರುವ ಗೆಳೆಯರೇ, ನಿಮ್ಮ ಮೊದಲ ಪರೀಕ್ಷೆ ಏಪ್ರಿಲ್ ಬಿಸಿಲಿನ ಗದ್ದೆಯಲ್ಲಿ, ಕಬ್ಬಿನ ಸೋಗೆ ಗೀರಿದ ತೋಳಿನ ಮೇಲೆ ನಡೆಯಲಿ. ಆ ತೋಳಿನವರ ಒಪ್ಪಿಗೆ ಕೇಳಿ. ಪಟ್ಟಿ ಹೇಳಿದ್ದನ್ನು ಮೊದಲು ಅವರಿಗೆ, ಅವರ ಮಾತಿನಲ್ಲಿ ತಿಳಿಸಿ. ಬೆಲೆ ಅವರ ದಿನಗೂಲಿಗೆ ಎಟುಕಲಿ.

ನದಿ ಕೊಟ್ಟು ಕತ್ತಲಲ್ಲಿ ಕೂತದ್ದು ಸಾಕು. ರೇಷ್ಮೆಯನ್ನೂ ಕೊಟ್ಟು ಮತ್ತೆ ಕಾಯಲು ನಾವು ತಯಾರಿಲ್ಲ.